ಸಂಜೆಯ ಕೆಂಪು: ಕಂಡದ್ದೆಷ್ಟು, ಕೂಡಿಸಿದ್ದೆಷ್ಟು?

ಆಕಾಶ ತಿಳಿಯಾಗಿರುವ ದಿನಗಳಲ್ಲಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಬಳಿ ಬಿಸಿಲು ಬಾಡುವ ಮೊದಲೇ ಜನ ಸೇರತೊಡಗುತ್ತಾರೆ. ಘಟ್ಟದ ಅಂಚಿನಾಚೆ ಇಳಿಯುವ ಸೂರ್ಯ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕುಂಕುಮದ ಕೆಂಪಿಗೆ ತಿರುಗುತ್ತಾನೆ. ಬಿಂಬದ ಕೆಳಗಿನ ಅಂಚು ದಿಗಂತವನ್ನು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಎರಡು ಮೂರು ನಿಮಿಷ ಸಾಕು. ಅಷ್ಟರಲ್ಲಿ ಅಲ್ಲಿ ನೂರಾರು ಚಿತ್ರಗಳು ಸೆರೆಯಾಗಿರುತ್ತವೆ. ಆದರೆ ಅಕ್ಕಪಕ್ಕದಲ್ಲಿ ನಿಂತ ಇಬ್ಬರ ಚಿತ್ರಗಳನ್ನು ಹೋಲಿಸಿ ನೋಡಿದರೆ ಒಂದರ ಆಕಾಶ ಕೆಂಡದಂತಿರುತ್ತದೆ, ಇನ್ನೊಂದರದ್ದು ಹಲವು ಸಲ ಒಗೆದ ಬಟ್ಟೆಯಂತೆ ಪೇಲವವಾಗಿರುತ್ತದೆ. ಮನೆಗೆ ಹೋಗಿ ಬಣ್ಣ ತಿದ್ದಿದ ಮೇಲೆ ಈ ಅಂತರ ಇನ್ನಷ್ಟು ಬೆಳೆಯುತ್ತದೆ.

ಸೊಗಸಾದ ಸೂರ್ಯಾಸ್ತದ ಚಿತ್ರ ಕಂಡೊಡನೆ ಈಗ ಮೊದಲು ಹುಟ್ಟುವುದು ಮೆಚ್ಚುಗೆಯಲ್ಲ, ಸಂಶಯ. ಇದು ನಿಜವಾದ ಬಣ್ಣವೋ, ಕೂಡಿಸಿದ್ದೋ? ಈ ಸಂಶಯ ಕಂಪ್ಯೂಟರಿನೊಂದಿಗೆ ಬಂದದ್ದು ಎಂಬುದು ಹಲವರ ತಿಳಿವಳಿಕೆ. ಛಾಯಾಗ್ರಹಣದ ಇತಿಹಾಸ ಬೇರೆಯೇ ಹೇಳುತ್ತದೆ. ಮೋಡ ತುಂಬಿದ ಆಕಾಶದ ಮೊದಮೊದಲ ಹೆಸರಾಂತ ಚಿತ್ರಗಳಲ್ಲೇ ಕೈಚಳಕವಿತ್ತು. ಅದು ಮೋಸಕ್ಕಾಗಿ ನಡೆದದ್ದಲ್ಲ. ಕಣ್ಣಿಗೆ ಕಂಡದ್ದನ್ನು ತೋರಿಸಲು ಆಗ ಬೇರೆ ದಾರಿಯೇ ಇರಲಿಲ್ಲ.

ಕೆಂಪಿನ ಲೆಕ್ಕ

ಸಂಜೆಯ ಕೆಂಪಿಗೆ ಕಾರಣವನ್ನು ಲೆಕ್ಕಾಚಾರ ಸಮೇತ ವಿವರಿಸಿದವನು ಇಂಗ್ಲೆಂಡಿನ ವಿಜ್ಞಾನಿ ಜಾನ್ ವಿಲಿಯಂ ಸ್ಟ್ರಟ್. ಮುಂದೆ ಲಾರ್ಡ್ ರ‍್ಯಾಲೆ ಎಂದು ಹೆಸರಾದವನು ಈತನೇ. ಗಾಳಿಯ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಚದುರಿಸುತ್ತವೆ ಎಂಬುದು 1871ರಲ್ಲಿ ಆತ ಪ್ರಕಟಿಸಿದ ನಿಯಮದಿಂದ ತಿಳಿಯುತ್ತದೆ. ನಡುಹಗಲಿನಲ್ಲಿ ಹೀಗೆ ಚದುರಿದ ನೀಲಿಯೇ ನಮಗೆ ಆಕಾಶವಾಗಿ ಕಾಣುತ್ತದೆ. ಸಂಜೆ ಸೂರ್ಯ ದಿಗಂತಕ್ಕೆ ಇಳಿದಾಗ ಅವನ ಬೆಳಕು ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 40 ಪಟ್ಟು ಹೆಚ್ಚು ಗಾಳಿಯನ್ನು ಹಾದು ಬರಬೇಕು. ದಾರಿಯುದ್ದಕ್ಕೂ ನೀಲಿ ಸೋರಿಹೋಗಿ, ಕಣ್ಣು ಮುಟ್ಟುವ ಹೊತ್ತಿಗೆ ಕೆಂಪು, ಕಿತ್ತಳೆಗಳೇ ಉಳಿದಿರುತ್ತವೆ. ಧೂಳು, ಹೊಗೆ, ತೇವಾಂಶಗಳು ಈ ಬಣ್ಣವನ್ನು ಪ್ರತಿದಿನವೂ ಬದಲಿಸುತ್ತವೆ. ಆದ್ದರಿಂದ ಸಂಜೆಯ ಆಕಾಶವೆಂದರೆ ಆ ದಿನದ ಗಾಳಿಯಲ್ಲಿ ಏನೇನಿತ್ತು ಎಂಬುದರ ಒಂದು ಬಗೆಯ ದಾಖಲೆ. ಅದರ ಚಿತ್ರವನ್ನು ನಂಬಬಹುದೇ ಇಲ್ಲವೇ ಎಂಬ ಮಾತಿಗೆ ತೂಕ ಬರುವುದು ಇಲ್ಲಿಂದಲೇ.

ಎರಡು ನೆಗೆಟಿವ್, ಒಂದು ಕಡಲು

1839ರಲ್ಲಿ ಲೋಕಕ್ಕೆ ಪರಿಚಯವಾದ ಛಾಯಾಗ್ರಹಣಕ್ಕೆ ಹುಟ್ಟಿನಿಂದಲೇ ಒಂದು ಕುರುಡುತನವಿತ್ತು. ಆ ಕಾಲದ ಬೆಳ್ಳಿಯ ಲವಣದ ತಟ್ಟೆಗಳು ನೀಲಿ ಬೆಳಕಿಗೆ ಬಲು ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹುಮಟ್ಟಿಗೆ ಸ್ಪಂದಿಸುತ್ತಲೇ ಇರಲಿಲ್ಲ. ನೆಲದ ಮರ, ಮನೆಗಳು ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬಿಳಿಯ ಹಾಳೆಯಾಗುತ್ತಿತ್ತು. ಆಕಾಶಕ್ಕೆ ಹೊಂದಿಸಿದರೆ ನೆಲ ಕಪ್ಪಾಗಿ ಮುಚ್ಚಿಹೋಗುತ್ತಿತ್ತು. ಅಂದಿನ ಬಹುಪಾಲು ಹೊರಾಂಗಣ ಚಿತ್ರಗಳಲ್ಲಿ ಮೋಡಗಳೇ ಕಾಣದಿರಲು ಇದೇ ಕಾರಣ.

ಚಿತ್ರಕಾರನಾಗಿ ತರಬೇತಿ ಪಡೆದು ಛಾಯಾಗ್ರಹಣಕ್ಕೆ ಬಂದ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಈ ತೊಡಕನ್ನು ಎದುರಿಸಿದ್ದು 1856–57ರಲ್ಲಿ, ನಾರ್ಮಂಡಿಯ ಹಾಗೂ ಮೆಡಿಟರೇನಿಯನ್ ಸಮುದ್ರದ ತೀರಗಳಲ್ಲಿ. ಕೆಲವು ಚಿತ್ರಗಳಿಗೆ ಆತ ಎರಡು ನೆಗೆಟಿವ್ ಬಳಸಿದ. ಒಂದು ಕಡಲಿಗೆ ಹೊಂದಿಸಿದ್ದು, ಇನ್ನೊಂದು ಆಕಾಶಕ್ಕೆ. ಪ್ರಿಂಟ್ ಹಾಕುವಾಗ ಎರಡನ್ನೂ ದಿಗಂತದ ಗೆರೆಯಲ್ಲಿ ಬೆಸೆದ. ಸೆಟ್ ಎಂಬ ಬಂದರಿನಲ್ಲಿ ತೆಗೆದ ‘ಮಹಾ ಅಲೆ’ ಚಿತ್ರ ತಯಾರಾದದ್ದು ಹೀಗೆಯೇ. ಒಂದೇ ಆಕಾಶದ ನೆಗೆಟಿವ್ ಆತನ ಬೇರೆ ಬೇರೆ ಕಡಲುಗಳ ಮೇಲೆ ಕಾಣಿಸಿಕೊಂಡದ್ದೂ ಉಂಟು. ಹಗಲಿನಲ್ಲಿ, ಸೂರ್ಯ ಮೋಡದ ಹಿಂದೆ ಇದ್ದಾಗ ತೆಗೆದ ಆತನ ಹಡಗಿನ ಚಿತ್ರವೊಂದು ‘ಬೆಳದಿಂಗಳ ಹಡಗು’ ಎಂಬರ್ಥದ ಹೆಸರಿನಲ್ಲಿ ಪ್ರಸಿದ್ಧವಾಯಿತು. ಜನ ಮುಗಿಬಿದ್ದು ಮೆಚ್ಚಿದರು. 1999ರಲ್ಲಿ ‘ಮಹಾ ಅಲೆ’ಯ ಒಂದು ಪ್ರತಿ ಲಂಡನ್ನಿನ ಹರಾಜಿನಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಗಿ, ಛಾಯಾಚಿತ್ರವೊಂದಕ್ಕೆ ಅಲ್ಲಿಯವರೆಗೆ ಸಂದಿದ್ದ ಬೆಲೆಗಳ ದಾಖಲೆಯನ್ನು ಮುರಿಯಿತು.

ಲ ಗ್ರೇ ತುಳಿದ ದಾರಿಯಲ್ಲಿ ಬಹಳ ಮಂದಿ ನಡೆದರು. ಮೋಡಗಳ ನೆಗೆಟಿವ್‌ಗಳನ್ನು ಬೇರೆಯಾಗಿ ತೆಗೆದಿಟ್ಟುಕೊಂಡು, ಬೇಕೆನಿಸಿದ ದೃಶ್ಯಕ್ಕೆ ಜೋಡಿಸುವುದು ಹತ್ತೊಂಬತ್ತನೇ ಶತಮಾನದ ಸ್ಟುಡಿಯೋಗಳ ವಾಡಿಕೆಯಾಯಿತು. ಇಂಥ ಮೋಡಗಳು ಮಾರಾಟಕ್ಕೂ ಸಿಗುತ್ತಿದ್ದವು. ಅವಸರದ ಕೆಲಸದಲ್ಲಿ ನೆಲದ ನೆರಳು ಒಂದು ಕಡೆಗೆ, ಮೋಡದ ಬೆಳಕು ಇನ್ನೊಂದು ಕಡೆಗೆ ಬಿದ್ದು ನಗೆಪಾಟಲಾದದ್ದೂ ಇತ್ತು.

ಕ್ಯಾಮೆರಾ ಸೋತ ಸಂಜೆಗಳು

ಛಾಯಾಗ್ರಹಣದ ಈ ಕುರುಡುತನ ನಿಜಕ್ಕೂ ನಷ್ಟವಾಗಿ ಪರಿಣಮಿಸಿದ್ದು 1883ರಲ್ಲಿ. ಆ ವರ್ಷದ ಆಗಸ್ಟ್ 26 ಮತ್ತು 27ರಂದು ಜಾವಾ, ಸುಮಾತ್ರಗಳ ನಡುವಿನ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಅದು ಎಬ್ಬಿಸಿದ ಕಡಲ ಅಲೆಗಳಿಗೆ ಸಿಕ್ಕಿ 36,000ಕ್ಕೂ ಹೆಚ್ಚು ಜನ ಸತ್ತರು. ವಾತಾವರಣದ ಮೇಲ್ಪದರವನ್ನು ಸೇರಿದ ಬೂದಿ ಮತ್ತು ಗಂಧಕದ ಸೂಕ್ಷ್ಮ ಕಣಗಳು ಭೂಮಿಯನ್ನೇ ಸುತ್ತಿದವು. ಸೆಪ್ಟೆಂಬರಿನಲ್ಲಿ ಸಿಂಹಳದಲ್ಲಿ, ಮದ್ರಾಸಿನಲ್ಲಿ, ದಕ್ಷಿಣ ಭಾರತದ ಇತರ ಕಡೆಗಳಲ್ಲಿ ಜನ ಹಸಿರು ಸೂರ್ಯನನ್ನು ಕಂಡು ಬೆರಗಾದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಮಿಕಿ ಸ್ಮಿತ್ ಆ ಸೂರ್ಯನ ಬೆಳಕನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸಿ ವಿವರ ಬರೆದಿಟ್ಟ. ಮುಂದೆ ಕೊಡೈಕೆನಾಲ್ ವೀಕ್ಷಣಾಲಯವನ್ನು ಕಟ್ಟಿದವನು ಈತನೇ. ನವೆಂಬರ್ ಹೊತ್ತಿಗೆ ಯೂರೋಪು, ಅಮೆರಿಕಗಳ ಸಂಜೆಗಳು ರಕ್ತವರ್ಣಕ್ಕೆ ತಿರುಗಿದವು. ನ್ಯೂಯಾರ್ಕ್ ಸಂಸ್ಥಾನದ ಪಕೀಪ್ಸಿ ಊರಿನಲ್ಲಿ ಎಲ್ಲೋ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕ ಬಂಡಿಗಳು ಹೊರಟವು.

ಇಂಥ ಸಂಜೆಗಳನ್ನು ದಾಖಲಿಸುವಲ್ಲಿ ಕ್ಯಾಮೆರಾ ಪ್ರಯೋಜನಕ್ಕೆ ಬರಲಿಲ್ಲ. ಅಂದಿನ ಸಾಮಾನ್ಯ ತಟ್ಟೆಗಳಲ್ಲಿ ಆ ಕೆಂಪು ಬರಿಯ ಕತ್ತಲೆಯಾಗಿ ಮೂಡುತ್ತಿತ್ತು. ಆ ಕೆಲಸ ಮಾಡಿದವನು ಲಂಡನ್ನಿನ ಚಿತ್ರಕಾರ ವಿಲಿಯಂ ಆ್ಯಸ್‌ಕ್ರಾಫ್ಟ್. ಚೆಲ್ಸಿಯ ಬಳಿ ಥೇಮ್ಸ್ ನದಿಯ ದಂಡೆಯಲ್ಲಿ ನಿಂತು, ಬಣ್ಣ ಬದಲಾದಂತೆಲ್ಲ ಬಣ್ಣದ ಕಡ್ಡಿಗಳಿಂದ ಒಂದರ ಹಿಂದೊಂದು ಚಿತ್ರ ಬರೆಯುತ್ತಾ ಹೋದ. ಹೀಗೆ ಬರೆದವು 500ಕ್ಕೂ ಹೆಚ್ಚು. ರಾಯಲ್ ಸೊಸೈಟಿ 1888ರಲ್ಲಿ ಕ್ರಕಟೋವಾ ಕುರಿತು ಹೊರತಂದ ದೊಡ್ಡ ವರದಿಯ ಆರಂಭದಲ್ಲೇ ಆತನ ಸಂಜೆಗಳಿಗೆ ಜಾಗ ದೊರೆಯಿತು.

ಚಿತ್ರಕಾರರ ಕಣ್ಣನ್ನು ವಿಜ್ಞಾನ ಎಷ್ಟು ನಂಬಬಹುದು ಎಂಬುದಕ್ಕೆ 2007ರಲ್ಲಿ ಇನ್ನೊಂದು ನಿದರ್ಶನ ದೊರೆಯಿತು. ಗ್ರೀಸಿನ ವಿಜ್ಞಾನಿ ಕ್ರಿಸ್ಟೋಸ್ ಜೆರೆಫೋಸ್ ಮತ್ತು ಸಂಗಡಿಗರು 1500ರಿಂದ 1900ರವರೆಗಿನ 500ಕ್ಕೂ ಹೆಚ್ಚು ಸೂರ್ಯಾಸ್ತದ ವರ್ಣಚಿತ್ರಗಳಲ್ಲಿ ಕೆಂಪು, ಹಸಿರುಗಳ ಪ್ರಮಾಣವನ್ನು ಅಳೆದರು. ದೊಡ್ಡ ಜ್ವಾಲಾಮುಖಿಗಳು ಸಿಡಿದ ನಂತರದ ವರ್ಷಗಳ ಚಿತ್ರಗಳಲ್ಲಿ ಕೆಂಪು ಹೆಚ್ಚಿತ್ತು. ಕಲಾವಿದರ ಶೈಲಿ ಬೇರೆ ಬೇರೆಯಾಗಿದ್ದರೂ ಗಾಳಿಯ ಗುರುತು ಕುಂಚದಲ್ಲಿ ಉಳಿದಿತ್ತು. ಇಂದು ತೆಗೆಯುತ್ತಿರುವ ಕೋಟ್ಯಂತರ ಸೂರ್ಯಾಸ್ತಗಳನ್ನು ಮುಂದೊಂದು ದಿನ ಯಾರಾದರೂ ಹೀಗೆ ಅಳೆಯಲು ಹೊರಟರೆ ಅವರಿಗೆ ಸಿಗುವುದು ಗಾಳಿಯ ಗುರುತೋ, ತಂತ್ರಾಂಶದ ಗುರುತೋ?

ಫಿಲ್ಮಿನ ರುಚಿ

ಕೆಂಪಿಗೆ ಕಣ್ಣು ತೆರೆಸುವ ಯತ್ನ ಆ ಹೊತ್ತಿಗಾಗಲೇ ಶುರುವಾಗಿತ್ತು. ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಹರ್ಮನ್ ಫೋಗೆಲ್, ತಟ್ಟೆಗಳಿಗೆ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಅವು ಹಸಿರು, ಹಳದಿ ಬೆಳಕಿಗೂ ಸ್ಪಂದಿಸುತ್ತವೆ ಎಂದು 1873ರಲ್ಲಿ ಕಂಡುಕೊಂಡಿದ್ದ. ಕೆಂಪನ್ನೂ ಗ್ರಹಿಸುವ ತಟ್ಟೆಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ಬಂದವು. 1907ರಲ್ಲಿ ಫ್ರಾನ್ಸಿನ ಲುಮಿಯೇರ್ ಸಹೋದರರು ಆಟೋಕ್ರೋಮ್ ತಟ್ಟೆಯನ್ನು ಮಾರಾಟಕ್ಕೆ ಬಿಟ್ಟರು. ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಮೂರು ಬಣ್ಣ ಹಚ್ಚಿ ಗಾಜಿನ ಮೇಲೆ ಹರಡಿ ಮಾಡಿದ ತಟ್ಟೆ ಅದು. ಸಂಜೆಯ ಬಣ್ಣ ಹವ್ಯಾಸಿಗಳ ಕೈಗೂ ಎಟುಕಿತು. 1935ರಲ್ಲಿ ಕೊಡಾಕ್ರೋಮ್ ಬಂತು.

ಬಣ್ಣದ ಫಿಲ್ಮ್ ಬಂದ ಮೇಲಾದರೂ ಚಿತ್ರ ಕಂಡದ್ದನ್ನು ಕಂಡಂತೆ ತೋರಿಸಿತೇ? ಅದೂ ಇಲ್ಲ. ಪ್ರತಿಯೊಂದು ಫಿಲ್ಮಿಗೂ ಅದರದೇ ರುಚಿಯಿತ್ತು. 1990ರಲ್ಲಿ ಫ್ಯೂಜಿ ಕಂಪನಿ ತಂದ ವೆಲ್ವಿಯಾ ಫಿಲ್ಮ್ ಬಣ್ಣಗಳನ್ನು ಗಾಢವಾಗಿ ತೋರಿಸುವುದಕ್ಕೇ ಹೆಸರಾಯಿತು. ನಿಸರ್ಗದ ಚಿತ್ರ ತೆಗೆಯುವವರು ಅದನ್ನು ಹುಡುಕಿಕೊಂಡು ಹೋದದ್ದು ಇದೇ ಕಾರಣಕ್ಕೆ. ಲೆನ್ಸಿನ ಮುಂದೆ ಕಿತ್ತಳೆ ಬಣ್ಣದ ಫಿಲ್ಟರ್ ಸಿಕ್ಕಿಸಿ ಮಬ್ಬು ಸಂಜೆಯನ್ನೂ ಕೆಂಪಾಗಿಸುವವರಿದ್ದರು. ಡಾರ್ಕ್‌ರೂಮಿನಲ್ಲಿ ಆಕಾಶದ ಭಾಗಕ್ಕೆ ಒಂದಿಷ್ಟು ಹೆಚ್ಚು ಬೆಳಕು ಬಿಟ್ಟು ಮೋಡಗಳನ್ನು ಎದ್ದುಕಾಣಿಸುವುದು ನುರಿತ ಪ್ರಿಂಟರುಗಳಿಗೆ ದಿನನಿತ್ಯದ ಕೆಲಸವಾಗಿತ್ತು. ಅದೇ 1990ರಲ್ಲಿ ಬಿಡುಗಡೆಯಾದ ಫೋಟೊಶಾಪ್ ತಂತ್ರಾಂಶ ಈ ಹಳೆಯ ಕೈಗೆಲಸಗಳನ್ನೆಲ್ಲ ಕಂಪ್ಯೂಟರಿನ ಪರದೆಗೆ ತಂದಿತು. ಕೆಲಸ ಹಳೆಯದೇ, ವೇಗ ಮಾತ್ರ ಹೊಸದು.

ಮಂಗಳನ ಆಕಾಶ

ತಿದ್ದುವುದೆಂದರೆ ಸುಳ್ಳು ಹೇಳುವುದೆಂದೇ ಅರ್ಥವಲ್ಲ ಎಂಬುದನ್ನು ತೋರಿಸಿಕೊಟ್ಟ ಘಟನೆ ನಡೆದದ್ದು ಭೂಮಿಯಿಂದಾಚೆ. 1976ರ ಜುಲೈ 20ರಂದು ಅಮೆರಿಕದ ವೈಕಿಂಗ್–1 ನೌಕೆ ಮಂಗಳಗ್ರಹದಲ್ಲಿ ಇಳಿಯಿತು. ಮರುದಿನ ಬಂದ ಮೊದಲ ಬಣ್ಣದ ಚಿತ್ರದಲ್ಲಿ ಆಕಾಶ ನಮ್ಮೂರಿನ ಆಕಾಶದಂತೆ ನೀಲಿಯಾಗಿತ್ತು. ಕೆಂಪು, ಹಸಿರು, ನೀಲಿಯ ಮೂರು ಪ್ರತ್ಯೇಕ ಚಿತ್ರಗಳನ್ನು ಬೆರೆಸುವಾಗ ಭೂಮಿಯ ಆಕಾಶದ ಅಭ್ಯಾಸವೇ ನುಸುಳಿಬಿಟ್ಟಿತ್ತು. ನೌಕೆಯ ಮೈಮೇಲೆ ಇದಕ್ಕೆಂದೇ ಇರಿಸಿದ್ದ ಬಣ್ಣದ ಪಟ್ಟಿಗಳಿಗೆ ಹೋಲಿಸಿ ತಿದ್ದಿದಾಗ ಧೂಳು ತುಂಬಿದ ಆಕಾಶ ನಸುಗೆಂಪಾಗಿ ಹೊರಬಿತ್ತು. ಈ ತಿದ್ದುಪಡಿಯನ್ನು ಪ್ರಕಟಿಸಿದಾಗ ಸುದ್ದಿಗಾರರು ನಿರಾಸೆಯಿಂದ ಕೂಗಿದರೆಂದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಬರೆದಿದ್ದಾನೆ. ಮಂಗಳನ ಸೂರ್ಯಾಸ್ತದ ಬಣ್ಣ ಇದಕ್ಕೆ ತಿರುವುಮುರುವು. ಅಲ್ಲಿನ ನುಣ್ಣನೆಯ ಧೂಳು ನೀಲಿ ಬೆಳಕನ್ನು ಹೆಚ್ಚಾಗಿ ಮುಂದಕ್ಕೆ ಹಾಯಿಸುವುದರಿಂದ ಮುಳುಗುವ ಸೂರ್ಯನ ಸುತ್ತ ನೀಲಿ ಪ್ರಭೆ ಕಾಣುತ್ತದೆ. 2015ರ ಏಪ್ರಿಲ್ 15ರಂದು ಕ್ಯೂರಿಯಾಸಿಟಿ ರೋವರ್ ತೆಗೆದ ಬಣ್ಣದ ಚಿತ್ರಗಳಲ್ಲಿ ಇದು ಸ್ಪಷ್ಟವಾಗಿದೆ. ಇಲ್ಲಿ ತಿದ್ದದೆ ಬಿಟ್ಟಿದ್ದರೆ ಚಿತ್ರವೇ ಸುಳ್ಳಾಗುತ್ತಿತ್ತು. ತಿದ್ದಿದ್ದು ಯಾವ ಆಧಾರದ ಮೇಲೆ ಎಂಬುದು ಎಲ್ಲರಿಗೂ ತಿಳಿದಿತ್ತು ಎಂಬುದೇ ಮುಖ್ಯ.

ಕಿತ್ತಳೆ ಹಗಲು

ಇಂದಿನ ಫೋನುಗಳಲ್ಲಿ ತಿದ್ದುವವನು ಕಣ್ಣಿಗೆ ಬೀಳುವುದೇ ಇಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಫೋನು ಬೇರೆ ಬೇರೆ ಬೆಳಕಿನ ಹಲವು ಚಿತ್ರಗಳನ್ನು ತೆಗೆದು ಬೆಸೆಯುತ್ತದೆ. ಲ ಗ್ರೇ ಎರಡು ನೆಗೆಟಿವ್‌ಗಳಿಂದ ಮಾಡಿದ್ದೂ ಇದನ್ನೇ. ಬಣ್ಣದ ಸಮತೋಲವನ್ನು ತಾನಾಗಿಯೇ ಸರಿಪಡಿಸುವ ವ್ಯವಸ್ಥೆಯೂ ಅದರಲ್ಲಿದೆ. ಬಲ್ಬಿನ ಹಳದಿ ಬೆಳಕಿನಲ್ಲೂ ಬಿಳಿಯ ಅಂಗಿ ಬಿಳಿಯಾಗಿ ಕಾಣಲೆಂದು ಮಾಡಿದ ಏರ್ಪಾಡು ಇದು. ಸಂಜೆಯ ಕೆಂಪನ್ನೂ ಇದು ದೋಷವೆಂದೇ ಎಣಿಸಿ ಅಳಿಸಲು ಹೋಗುವುದುಂಟು. ಆಗುಂಬೆಯಲ್ಲಿ ಒಬ್ಬರ ಚಿತ್ರ ಪೇಲವವಾಗಲು ಇದೂ ಒಂದು ಕಾರಣವಿರಬಹುದು.

2020ರ ಸೆಪ್ಟೆಂಬರ್ 9ರಂದು ಇದು ಬಹಿರಂಗವಾಗಿ ಬಯಲಾಯಿತು. ಕಾಡ್ಗಿಚ್ಚಿನ ಹೊಗೆ ಕವಿದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಹಗಲು ಕಡು ಕಿತ್ತಳೆಗೆ ತಿರುಗಿತು. ಜನ ಫೋನು ಹಿಡಿದರೆ ಚಿತ್ರದಲ್ಲಿ ಮೂಡಿದ್ದು ಬೂದುಬಣ್ಣದ ಮಾಮೂಲು ಮೋಡದ ದಿನ! ಕಣ್ಣೆದುರಿನ ಆಕಾಶವನ್ನು ಇದ್ದಂತೆ ತೋರಿಸಲು ಅವರು ಸ್ವಯಂಚಾಲಿತ ವ್ಯವಸ್ಥೆಯನ್ನು ಬದಿಗಿಟ್ಟು ಕೈಯಾರೆ ಬಣ್ಣ ಹೊಂದಿಸಬೇಕಾಯಿತು. ನಿಜವನ್ನು ಹೇಳಲು ತಿದ್ದುವುದು ಅನಿವಾರ್ಯವಾಯಿತು. ಮರುತಿಂಗಳೇ ಫೋಟೊಶಾಪ್‌ಗೆ ಆಕಾಶವನ್ನೇ ಬದಲಿಸುವ ಸೌಲಭ್ಯ ಸೇರಿತು. ಮಾರಾಟಕ್ಕೆ ಸಿಗುತ್ತಿದ್ದ ಹಳೆಯ ಮೋಡಗಳು ಹೊಸ ರೂಪದಲ್ಲಿ ಮರಳಿದವು.

ಆದ್ದರಿಂದ ತಿದ್ದಿದ ಚಿತ್ರ, ತಿದ್ದದ ಚಿತ್ರ ಎಂಬ ವಿಂಗಡಣೆ ಅಷ್ಟು ಸುಲಭವಲ್ಲ. ಕೇಳಬೇಕಾದದ್ದು, ಕಂಡ ಬಣ್ಣಕ್ಕೆ ಹತ್ತಿರ ಬರಲೆಂದು ತಿದ್ದಿದ್ದೋ, ಕಾಣದ್ದನ್ನು ಕಂಡಂತೆ ತೋರಿಸಲೆಂದು ತಿದ್ದಿದ್ದೋ ಎಂಬುದನ್ನು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಎರಡನೆಯದೂ ತಪ್ಪಲ್ಲ, ಇದು ಕಲ್ಪನೆ ಎಂದು ಹೇಳುವ ಪ್ರಾಮಾಣಿಕತೆ ಇದ್ದರೆ ಸಾಕು. ಪತ್ರಿಕೆಯ ಸುದ್ದಿಚಿತ್ರಕ್ಕೆ ಆ ಸಡಿಲಿಕೆ ಸಲ್ಲದು. ಸಂಜೆಯನ್ನು ಇದ್ದಂತೆ ಉಳಿಸಿಕೊಳ್ಳಬೇಕೆನ್ನುವವರಿಗೆ ದಾರಿಗಳೂ ಇವೆ. ಬಣ್ಣದ ಸಮತೋಲವನ್ನು ಹಗಲು ಬೆಳಕಿಗೆ ಸ್ಥಿರಗೊಳಿಸಬಹುದು. ಕೆಂಪು ಬೆಳ್ಳಗಾಗದಂತೆ ಬೆಳಕನ್ನು ತುಸು ಕಡಿಮೆ ಮಾಡಬಹುದು. ಕ್ಯಾಮೆರಾ ಸಂಸ್ಕರಿಸುವ ಮೊದಲಿನ ‘ರಾ’ ಕಡತವನ್ನು, ದಿನಾಂಕ, ಸ್ಥಳಗಳೊಂದಿಗೆ ಹಾಗೆಯೇ ಜೋಪಾನವಾಗಿ ಇರಿಸಬಹುದು. ಥೇಮ್ಸ್ ದಂಡೆಯಲ್ಲಿ ಆ್ಯಸ್‌ಕ್ರಾಫ್ಟ್ ತನ್ನ ಚಿತ್ರಗಳಿಗೆ ದಿನಾಂಕ ಹಾಕಿಟ್ಟದ್ದರಿಂದಲೇ 1883ರ ನವೆಂಬರ್ 26ರ ಸಂಜೆ ಲಂಡನ್ನಿನ ಆಕಾಶ ಹೇಗಿತ್ತೆಂದು ಇಂದಿಗೂ ಹೇಳಲು ಸಾಧ್ಯವಾಗಿದೆ.