ಟರ್ಕಿ ಯಾರ ಕಡೆ?

ನಮ್ಮ ಭಾನುವಾರದ ಬೋರ್ಡ್ ಗೇಮ್ ಗುಂಪಿನಲ್ಲಿ ಒಮ್ಮೆ ಒಂದು ದಾಳಕ್ಕಾಗಿ ಜಗಳ ಆಯ್ತು. ಮೊದಲನೇ ಮಹಾಯುದ್ಧದ ಆಟವೊಂದನ್ನ ನಾವೇ ಕೂತು ಕಟ್ತಾ ಇದ್ವಿ. ಚಾರ್ಟ್ ಪೇಪರಿನ ಮೇಲೆ ನಕ್ಷೆ, ಕೇರಂ ಕಾಯಿಗಳೇ ಸೈನ್ಯ. ಟರ್ಕಿಯ ವಿಷಯ ಬಂದಾಗ ನಾನು ಸುಲಭದ ನಿಯಮ ಹೇಳಿದೆ: ಪ್ರತಿ ಸುತ್ತಿನ ಕೊನೆಗೆ ದಾಳ ಹಾಕೋಣ, ಆರು ಬಿದ್ರೆ ಟರ್ಕಿ ಜರ್ಮನಿಯ ಜೊತೆ ಸೇರುತ್ತೆ. ಗೆಳೆಯನೊಬ್ಬ ದಾಳವನ್ನ ಮುಷ್ಟಿಯಲ್ಲಿ ಹಿಡ್ಕೊಂಡು ಕೊಡಲೇ ಇಲ್ಲ. "ಒಂದು ದೇಶ ಯುದ್ಧಕ್ಕೆ ಹೋಗೋದು ಅಂದ್ರೆ ಮಳೆ ಬಂದ ಹಾಗಾ?" ಅಂದ.

ಮನೆಗೆ ಬಂದು ಕಪಾಟಿನಲ್ಲಿದ್ದ ಆಟಗಳ ನಿಯಮಪುಸ್ತಕಗಳನ್ನ ತೆಗೆದೆ. ಅಲನ್ ಕ್ಯಾಲ್ಹಮರ್ 1959ರಲ್ಲಿ ಹೊರತಂದ 'ಡಿಪ್ಲೊಮಸಿ'ಯಲ್ಲಿ ಗೆಲ್ಲಬೇಕಾದ ಕೇಂದ್ರಗಳು 34. ಅದರಲ್ಲಿ 12 ತಟಸ್ಥ ನಾಡುಗಳು. ಅವಕ್ಕೆ ಸೈನ್ಯವಿಲ್ಲ, ಬಾಯಿಲ್ಲ. ಬೇಲಿ ಹಾಕದ ಸೈಟಿನ ಹಾಗೆ, ಮೊದಲು ಹೋದವನದ್ದು. 1999ರ 'ಪಾತ್ಸ್ ಆಫ್ ಗ್ಲೋರಿ' ಸ್ವಲ್ಪ ವಾಸಿ, ಆದರೂ ರೊಮೇನಿಯಾ ಯುದ್ಧಕ್ಕೆ ಇಳಿಯೋದು ಮಿತ್ರಕೂಟದ ಆಟಗಾರ ತನ್ನ ಕೈಯಲ್ಲಿರೋ ಕಾರ್ಡ್ ಎಸೆದಾಗ; ಬಲ್ಗೇರಿಯಾ, ಎದುರಾಳಿ ಎಸೆದಾಗ. 'ಆಕ್ಸಿಸ್ ಅಂಡ್ ಅಲೈಸ್'ನ 1940ರ ಜಾಗತಿಕ ಆವೃತ್ತಿಯಲ್ಲಂತೂ ಕಟ್ಟಾ ತಟಸ್ಥ ದೇಶಗಳಲ್ಲಿ ಒಂದರ ಮೇಲೆ ದಾಳಿ ಮಾಡಿದ್ರೆ ಉಳಿದವೆಲ್ಲ ಎದುರು ಪಕ್ಷದ ಕಡೆ ವಾಲುತ್ತವೆ. ಬಡಪಾಯಿಗಳನ್ನ ಯಾರೂ ಸುಮ್ಮನೆ ನುಂಗಬಾರದು ಅಂತ ಮಾಡಿದ ನಿಯಮ, ಆಟಕ್ಕೆ ಒಳ್ಳೆಯದೇ. ಆದರೆ ನಿಜವಾದ 1940ರಲ್ಲಿ ಹಿಟ್ಲರ್ ಡೆನ್ಮಾರ್ಕ್, ನಾರ್ವೆ, ಹಾಲೆಂಡ್, ಬೆಲ್ಜಿಯಂಗಳ ಮೇಲೆ ಸಾಲಾಗಿ ಬಿದ್ದಾಗ ಟರ್ಕಿ ಕೂತಲ್ಲಿಂದ ಕದಲಲಿಲ್ಲ.

ತಟಸ್ಥ ಅಂದ್ರೆ ದಡದಲ್ಲಿ ನಿಂತವನು. ಆಟಗಳಲ್ಲಿ ಅವನು ಸುಮ್ಮನೆ ನಿಂತಿರ್ತಾನೆ, ಯಾರೋ ತಳ್ಳಿದ್ರೆ ನೀರಿಗೆ ಬೀಳ್ತಾನೆ. 1914ರ ಟರ್ಕಿಯ (ಆಗಿನ್ನೂ ಆಟೊಮನ್ ಸಾಮ್ರಾಜ್ಯ) ಕಥೆ ಓದಿದಾಗ ದಡದ ಮೇಲೇ ಎಷ್ಟೊಂದು ಆಟ ನಡೆದಿತ್ತು ಅಂತ ಗೊತ್ತಾಯ್ತು.

ಆಗಸ್ಟ್ 2ರಂದು ಪ್ರಧಾನಿ ಸಯೀದ್ ಹಲೀಂ ಪಾಷಾ ಜರ್ಮನಿಯ ಜೊತೆ ಗುಪ್ತ ಒಪ್ಪಂದಕ್ಕೆ ಸಹಿ ಹಾಕಿದರು. ಗೊತ್ತಿದ್ದದ್ದು ಬೆರಳೆಣಿಕೆಯ ಮಂತ್ರಿಗಳಿಗೆ. ಹೊರಗೆ ಮಾತ್ರ, ನಾವು ತಟಸ್ಥರು. ಅದೇ ಹೊತ್ತಿಗೆ ಬ್ರಿಟನ್, ತನ್ನ ಹಡಗುಕಟ್ಟೆಗಳಲ್ಲಿ ಟರ್ಕಿಗಾಗಿ ತಯಾರಾಗಿದ್ದ ಎರಡು ದೊಡ್ಡ ಯುದ್ಧನೌಕೆಗಳನ್ನ ತಾನೇ ಇಟ್ಟುಕೊಂಡಿತು. ಅವಕ್ಕೆ ಜನರಿಂದ ಚಂದಾ ಎತ್ತಿದ ದುಡ್ಡೂ ಸೇರಿತ್ತು, ಊರೆಲ್ಲ ಸಿಟ್ಟಾಯ್ತು. ಆಗಸ್ಟ್ 10ಕ್ಕೆ, ಬ್ರಿಟಿಷರಿಂದ ತಪ್ಪಿಸಿಕೊಂಡು ಓಡಿಬಂದ ಗ್ಯೋಬೆನ್, ಬ್ರೆಸ್ಲಾವ್ ಎಂಬ ಎರಡು ಜರ್ಮನ್ ಹಡಗುಗಳು ಡಾರ್ಡನೆಲ್ಸ್ ಜಲಸಂಧಿಯ ಬಾಗಿಲು ತಟ್ಟಿದವು. ತಟಸ್ಥ ದೇಶ ಇವನ್ನ ಒಳಗೆ ಬಿಟ್ಕೊಳ್ಳೋ ಹಾಗಿಲ್ಲ. ಅದಕ್ಕೆ ಟರ್ಕಿ ಅವನ್ನ 'ಕೊಂಡುಕೊಂಡಿತು'. ಹಡಗಿಗೆ ಟರ್ಕಿಯ ಹೆಸರು, ಜರ್ಮನ್ ನಾವಿಕರ ತಲೆಗೆ ಕೆಂಪು ಫೆಜ್ ಟೋಪಿ. ಅಷ್ಟೇ ಬದಲಾವಣೆ.

ಇದಕ್ಕಿಂತ ಚೆನ್ನಾಗಿರೋದು ಸೆಪ್ಟೆಂಬರಿನ ನಡೆ. ಶತಮಾನಗಳಿಂದ ಯುರೋಪಿನವರಿಗೆ ಟರ್ಕಿಯಲ್ಲಿ ಇದ್ದ ತೆರಿಗೆ ಮತ್ತು ಕೋರ್ಟಿನ ವಿಶೇಷ ಸವಲತ್ತುಗಳನ್ನೆಲ್ಲ ಸರ್ಕಾರ ಒಂದೇ ಏಟಿಗೆ ರದ್ದು ಮಾಡಿತು. ಯುರೋಪಿನಲ್ಲಿ ಒಬ್ಬರನ್ನೊಬ್ಬರು ಕೊಲ್ತಾ ಇದ್ದ ದೇಶಗಳ ರಾಯಭಾರಿಗಳು, ಜರ್ಮನಿಯವರೂ ಸೇರಿ, ಇದರ ವಿರುದ್ಧ ಒಟ್ಟಿಗೆ ಪ್ರತಿಭಟನೆ ಸಲ್ಲಿಸಿದರು. ಟರ್ಕಿ ಕ್ಯಾರೇ ಅನ್ನಲಿಲ್ಲ. ಅದನ್ನ ಗದರಿಸೋ ಧೈರ್ಯ ಆಗ ಯಾರಿಗೂ ಇರಲಿಲ್ಲ. ವಿಶ್ವಾಸಮತದ ಹಿಂದಿನ ವಾರ ರೆಸಾರ್ಟಿನಲ್ಲಿರೋ ಪಕ್ಷೇತರ ಶಾಸಕನಿಗೆ ಎಷ್ಟು ಬೆಲೆ ಇರುತ್ತೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲವಲ್ಲ.

ಅಂಥ ಬೆಲೆಯನ್ನ ಯಾಕೆ ಕೈಬಿಟ್ಟರು? ಸಂಪುಟದಲ್ಲಿ ಹಲವರಿಗೆ ಬಿಡೋ ಮನಸ್ಸಿರಲಿಲ್ಲ. ಹಣಕಾಸು ಮಂತ್ರಿ ಜಾವಿದ್ ಬೇಗೆ ಯುದ್ಧ ಬೇಡವೇ ಬೇಡ. ಆದರೆ ಯುದ್ಧ ಮಂತ್ರಿ ಎನ್ವರ್ ಪಾಷಾಗೆ ಬೇಕಿತ್ತು. ಅಕ್ಟೋಬರಿನಲ್ಲಿ ಜರ್ಮನಿಯಿಂದ 20 ಲಕ್ಷ ಲಿರಾ ಮೌಲ್ಯದ ಚಿನ್ನ ಬಂತು. ಅಕ್ಟೋಬರ್ 29ರಂದು, ಈಗ ಟರ್ಕಿಯ ನೌಕಾಪಡೆಯ ಮುಖ್ಯಸ್ಥನಾಗಿದ್ದ ಜರ್ಮನ್ ಅಡ್ಮಿರಲ್ ಸೂಶೋನ್, ಎನ್ವರನ ಒಪ್ಪಿಗೆಯ ಮೇಲೆ ಕಪ್ಪು ಸಮುದ್ರ ದಾಟಿ ರಷ್ಯಾದ ಒಡೆಸ್ಸಾ, ಸೆವಸ್ತೊಪೋಲ್ ಬಂದರುಗಳ ಮೇಲೆ ಗುಂಡು ಹಾರಿಸಿದ. ಬಹುತೇಕ ಮಂತ್ರಿಗಳಿಗೆ ವಿಷಯ ಗೊತ್ತಾಗಿದ್ದು ಗುಂಡು ಬಿದ್ದ ಮೇಲೆ. ಜಾವಿದ್ ಮತ್ತು ಇನ್ನು ಕೆಲವರು ರಾಜೀನಾಮೆ ಕೊಟ್ಟರು. ನವೆಂಬರ್ 2ಕ್ಕೆ ರಷ್ಯಾ, 5ಕ್ಕೆ ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದವು. ಇಲ್ಲಿ ಒಂದು ದೇಶ ಕೂತು ನಿರ್ಧಾರ ಮಾಡಿತು ಅನ್ನೋಕೇ ಆಗಲ್ಲ.

ಇದೆಲ್ಲ ದೂರದ ಮಾತೂ ಅಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಎಷ್ಟೋ ಸಲ ಆಟೋದಲ್ಲಿ ಕೂತು ಫೋನ್ ನೋಡ್ತಾ ಅದರ ಪಕ್ಕದಲ್ಲೇ ಹೋಗಿದ್ದೀನಿ. ಮೈಸೂರು ಸಂಸ್ಥಾನದ ಆ ಕುದುರೆ ಸವಾರರು 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದವರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದವರು. ಎದುರಿಗಿದ್ದದ್ದು ಟರ್ಕಿಯ ಸೈನ್ಯ. ನನ್ನ ದಾಳದ ಆರು ಅಂದ್ರೆ ಇವರಿಗೂ ಬಿದ್ದ ಆರು.

ಆ ಪ್ಯಾಲೆಸ್ಟೈನ್ ರಂಗದಲ್ಲೇ ಟರ್ಕಿಯ ಕಡೆ ಸೇನಾನಿಯಾಗಿದ್ದವನು ಇಸ್ಮೆತ್. ಮುಂದೆ ಎರಡನೇ ಮಹಾಯುದ್ಧದಲ್ಲಿ ಅವನೇ ದೇಶದ ಅಧ್ಯಕ್ಷ, ಇಸ್ಮೆತ್ ಇನೊನು. 1939ರಲ್ಲಿ ಬ್ರಿಟನ್, ಫ್ರಾನ್ಸ್ ಜೊತೆ ಒಪ್ಪಂದ. 1941ರಲ್ಲಿ ಜರ್ಮನಿಯ ಜೊತೆಗೂ ಒಂದು. ಜರ್ಮನಿಗೆ ಕ್ರೋಮ್ ಅದಿರು ಮಾರಿದ. 1943ರಲ್ಲಿ ಚರ್ಚಿಲ್ ಸ್ವತಃ ಅದಾನಕ್ಕೆ ಬಂದು ಕರೆದರೂ ಯುದ್ಧಕ್ಕೆ ಹೋಗಲಿಲ್ಲ, ಆಯುಧ ಸಾಲದು ಅಂದ. ಕೊನೆಗೆ ಯುದ್ಧ ಸಾರಿದ್ದು 1945ರ ಫೆಬ್ರವರಿ 23ಕ್ಕೆ, ವಿಶ್ವಸಂಸ್ಥೆ ಹುಟ್ಟಿದ ಸಭೆಗೆ ಆಹ್ವಾನ ಬೇಕಾದ್ರೆ ಮಾರ್ಚ್ 1ರೊಳಗೆ ಸಾರಬೇಕಿತ್ತು ಅಂತ. ಇದನ್ನ ಅವಕಾಶವಾದ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಇನೊನುಗೆ ನಾಲ್ಕು ವರ್ಷದ ಲೆಕ್ಕ ಬಾಯಿಪಾಠ ಇತ್ತು: 1914ರ ಅಕ್ಟೋಬರ್ 29ಕ್ಕೆ ಗುಂಡು, 1918ರ ಅಕ್ಟೋಬರ್ 30ಕ್ಕೆ ಶರಣಾಗತಿಯ ಸಹಿ, ಅಷ್ಟರಲ್ಲಿ ಸಾಮ್ರಾಜ್ಯವೇ ಮುಗಿದಿತ್ತು.

ಕೊನೆಗೆ ದಾಳ ಬಿಟ್ವಿ. ನಮ್ಮ ಆಟದಲ್ಲಿ ಈಗ ಟರ್ಕಿಯನ್ನ ಇಬ್ಬರು ಆಡ್ತಾರೆ, ಒಬ್ಬ ಯುದ್ಧ ಮಂತ್ರಿ, ಒಬ್ಬ ಹಣಕಾಸು ಮಂತ್ರಿ. ತಟಸ್ಥರಾಗಿ ಉಳಿದ ಪ್ರತಿ ಸುತ್ತಿಗೂ ಹಣಕಾಸು ಮಂತ್ರಿ ಎರಡೂ ಪಕ್ಷಗಳಿಂದ ಏನಾದರೊಂದು ಕೇಳಿ ಪಡೀಬಹುದು. ಹಡಗಿನ ಕಾರ್ಡ್ ಮಾತ್ರ ಯುದ್ಧ ಮಂತ್ರಿಯ ಹತ್ತಿರ, ಮಗುಚಿ ಇಟ್ಟಿರುತ್ತೆ. ಅದನ್ನ ತೆರೆಯೋಕೆ ಯಾರನ್ನೂ ಕೇಳಬೇಕಿಲ್ಲ.

ಮೊದಲ ಸಲ ಆಡಿದಾಗ ನಾನು ಹಣಕಾಸು. ಮೂರು ಸುತ್ತಲ್ಲಿ ಸಾಲ, ರೈಲು, ಒಂದು ದ್ವೀಪ ಎಲ್ಲ ಗಿಟ್ಟಿಸಿದ್ದೆ. ನನಗೇ ಬಿಸ್ಕತ್ತಿನ ತಟ್ಟೆ ಮೊದಲು ಬರ್ತಿತ್ತು. ನಾಲ್ಕನೇ ಸುತ್ತಲ್ಲಿ, ಅವತ್ತು ದಾಳ ಕೊಡದೇ ಇದ್ದನಲ್ಲ, ಅದೇ ಗೆಳೆಯ ನನ್ನ ಮುಖ ನೋಡದೆ ಕಾರ್ಡ್ ತಿರುಗಿಸಿದ. ನಿಯಮದ ಪ್ರಕಾರ ನನಗೆ ಉಳಿದಿದ್ದ ನಡೆ ಒಂದೇ, ರಾಜೀನಾಮೆ. ಎದ್ದು ಹೋಗಿ ಎಲ್ಲರಿಗೂ ಟೀ ಇಟ್ಟೆ.