ಬೀದರ ಸೀಮೆಯ ಲೆಕ್ಕದ ಪರಂಪರೆ ಮತ್ತು ಹಳೆಯ ವೈಜ್ಞಾನಿಕ ಕ್ಯಾಲ್ಕುಲೇಟರುಗಳು

ಕರ್ನಾಟಕದ ಇತಿಹಾಸ ಸಂಶೋಧನೆಯಲ್ಲಿ ಶಾಸನ, ನಾಣ್ಯ ಮತ್ತು ಹಸ್ತಪ್ರತಿಗಳಿಗೆ ಆಕರಗಳೆಂಬ ಮನ್ನಣೆ ಬಹು ಹಿಂದೆಯೇ ದೊರೆತಿದೆ. ಸಮೀಪಕಾಲದ ಬಳಕೆಯ ವಸ್ತುಗಳಿಗೆ ಅಂಥ ಮನ್ನಣೆ ಇನ್ನೂ ದೊರೆತಿಲ್ಲ. ಕೈಯಲ್ಲಿ ಹಿಡಿದು ಬಳಸುವ ವೈಜ್ಞಾನಿಕ ಕ್ಯಾಲ್ಕುಲೇಟರ್ ಅಂಥದೊಂದು ವಸ್ತು. ಬೀದರ, ಭಾಲ್ಕಿ, ಔರಾದ ಭಾಗದ ತಾಂತ್ರಿಕ ಶಿಕ್ಷಣದ ಚರಿತ್ರೆಯನ್ನು ಬರೆಯಲು ಅದು ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದು ಇಲ್ಲಿನ ವಿಚಾರ.

ಈ ಸೀಮೆಗೆ ಗಣಿತ ಹೊಸತಲ್ಲ. ನೆರೆಯ ಮಳಖೇಡದ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನು 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮದರಸಾದಲ್ಲಿ ಧರ್ಮಶಾಸ್ತ್ರದೊಡನೆ ಗಣಿತ, ಖಗೋಳಗಳ ಬೋಧನೆಯೂ ನಡೆಯುತ್ತಿತ್ತು. ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಹಾಲಿ ಸಿಕ್ಕಾದ ಲೆಕ್ಕವೇ ಬೇರೆಯಿತ್ತು. 1950ರ ನಂತರ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರದಲ್ಲಿ ಎರಡೂ ನಾಣ್ಯಗಳು ಜೊತೆಯಾಗಿ ಚಲಾವಣೆಯಲ್ಲಿದ್ದವು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್ 1ರಿಂದ ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದಿತು. ಹೀಗೆ ಒಂದೇ ತಲೆಮಾರಿನ ಜನ ಹಾಲಿಯಿಂದ ಭಾರತೀಯ ರೂಪಾಯಿಗೂ, ಆಣೆ-ಪೈಗಳಿಂದ ನಯಾಪೈಸೆಗೂ ತಮ್ಮ ಲೆಕ್ಕವನ್ನು ಬದಲಿಸಿಕೊಳ್ಳಬೇಕಾಯಿತು.

ಎಂಜಿನಿಯರಿಂಗ್ ಲೆಕ್ಕಗಳಿಗೆ ಆಗ ಇದ್ದ ಸಾಧನಗಳೆಂದರೆ ಲಾಗ್ ಟೇಬಲ್ ಮತ್ತು ಸ್ಲೈಡ್ ರೂಲ್. 1972ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಎಚ್‌ಪಿ-35 ಎಂಬ ಯಂತ್ರವನ್ನು ಹೊರತಂದಿತು. ಸೈನ್, ಕೊಸೈನ್, ಲಾಗರಿದಮ್‌ಗಳನ್ನು ಅಂಗೈಯಲ್ಲೇ ಲೆಕ್ಕ ಹಾಕುತ್ತಿದ್ದ ಇದಕ್ಕೆ 35 ಗುಂಡಿಗಳಿದ್ದವು. ಹೆಸರು ಬಂದದ್ದು ಅದರಿಂದಲೇ. ಬೆಲೆ 395 ಡಾಲರ್, ಅಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 3,000 ರೂಪಾಯಿ. 1976ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-30ರ ಬೆಲೆ 25 ಡಾಲರಿಗಿಂತ ಕಡಿಮೆ. ನಾಲ್ಕೇ ವರ್ಷಗಳಲ್ಲಿ ಆದ ಈ ಇಳಿಕೆ ಬೀದರ ಜಿಲ್ಲೆಯ ಮಟ್ಟಿಗೆ ಮುಖ್ಯವಾದುದು. ಏಕೆಂದರೆ ಬೀದರದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1980ರಲ್ಲಿ; ಮುಂದೆ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಎಂದು ಹೆಸರಾದ ಭಾಲ್ಕಿಯ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1982ರಲ್ಲಿ. ಔರಾದ ತಾಲ್ಲೂಕಿನ ವಿದ್ಯಾರ್ಥಿ ಜಿಲ್ಲೆಯೊಳಗೇ ಎಂಜಿನಿಯರಿಂಗ್ ಪದವಿ ಪಡೆಯಬೇಕಾದರೆ ಇವೆರಡರಲ್ಲಿ ಒಂದಕ್ಕೆ ಬರಬೇಕಿತ್ತು. ಆದ್ದರಿಂದ ಈ ಜಿಲ್ಲೆಯ ಕ್ಯಾಲ್ಕುಲೇಟರ್ ಚರಿತ್ರೆ ದುಬಾರಿಯಾದ ಮೊದಲ ಯಂತ್ರಗಳದ್ದಲ್ಲ. ಬೆಲೆ ಇಳಿದ ಮೇಲೆ ಬಂದ ಸಾಮಾನ್ಯ ಯಂತ್ರಗಳದ್ದು.

ಸಂಗ್ರಾಹಕನ ದೃಷ್ಟಿಗೂ ಇತಿಹಾಸಕಾರನ ದೃಷ್ಟಿಗೂ ವ್ಯತ್ಯಾಸ ಬರುವುದು ಇಲ್ಲಿಯೇ. ಸಂಗ್ರಾಹಕನಿಗೆ ಅಪರೂಪವೇ ಬೆಲೆ. 1972ರ ಆರಂಭದ ಕೆಲವು ಎಚ್‌ಪಿ-35 ಯಂತ್ರಗಳಲ್ಲಿ 2.02ರ ಸ್ವಾಭಾವಿಕ ಲಾಗರಿದಮ್ ತೆಗೆದು, ಮರಳಿ ಘಾತಕ್ಕೇರಿಸಿದರೆ 2.02ರ ಬದಲು 2 ಎಂಬ ಉತ್ತರ ಬರುತ್ತಿತ್ತು. ಈ ದೋಷವಿರುವ ಯಂತ್ರವೇ ಈಗ ಹೆಚ್ಚು ಬೆಲೆಬಾಳುತ್ತದೆ. ಇತಿಹಾಸಕಾರನಿಗಾದರೋ ಅಂಟುಪಟ್ಟಿ ಸುತ್ತಿದ, ಅಕ್ಷರ ಸವೆದ ಸಾಮಾನ್ಯ ಯಂತ್ರವೇ ಹೆಚ್ಚು ಮಾತನಾಡುತ್ತದೆ.

ಅದನ್ನು ಪರೀಕ್ಷಿಸುವ ಕ್ರಮವನ್ನು ಮೂರು ಹಂತಗಳಲ್ಲಿ ಹೇಳಬಹುದು. ಮೊದಲನೆಯದು ಕಾಲನಿರ್ಣಯ. ಒಳಗಿನ ಚಿಪ್ಪುಗಳ ಮೇಲೆ ಸಾಮಾನ್ಯವಾಗಿ ನಾಲ್ಕಂಕಿಯ ಸಂಕೇತವಿರುತ್ತದೆ; 7732 ಎಂದಿದ್ದರೆ 1977ರ 32ನೆಯ ವಾರವೆಂದು ಅರ್ಥ. ಹಳೆಯ ಎಚ್‌ಪಿ ಯಂತ್ರಗಳ ಕ್ರಮಸಂಖ್ಯೆಯ ಮೊದಲೆರಡು ಅಂಕಿಗಳಿಗೆ 1960 ಕೂಡಿಸಿದರೆ ತಯಾರಿಕೆಯ ವರ್ಷ ದೊರೆಯುತ್ತದೆ. ಎರಡನೆಯದು ಲೆಕ್ಕದ ಪರೀಕ್ಷೆ. 2+3×4 ಎಂದು ಒತ್ತಿದಾಗ 14 ಬಂದರೆ ಯಂತ್ರವು ಬೀಜಗಣಿತದ ಆದ್ಯತೆಯನ್ನು ಪಾಲಿಸುತ್ತದೆ, 20 ಬಂದರೆ ಒತ್ತಿದ ಕ್ರಮದಲ್ಲೇ ಸಾಗುತ್ತದೆ. ಡಿಗ್ರಿ ಕ್ರಮದಲ್ಲಿ 9ಕ್ಕೆ ಅನುಕ್ರಮವಾಗಿ ಸೈನ್, ಕೊಸೈನ್, ಟ್ಯಾಂಜೆಂಟ್ ತೆಗೆದು, ಬಳಿಕ ಹಿಮ್ಮುಖವಾಗಿ ಅವುಗಳ ವಿಲೋಮಗಳನ್ನು ತೆಗೆದರೆ ಮತ್ತೆ 9 ಬರಬೇಕು. ದಶಾಂಶಗಳಲ್ಲಿ ಉಳಿಯುವ ಅಲ್ಪ ವ್ಯತ್ಯಾಸ ಚಿಪ್ಪಿನಿಂದ ಚಿಪ್ಪಿಗೆ ಬೇರೆಯಾಗುವುದರಿಂದ, ಹೊರಕವಚದ ಹೆಸರು ಏನೇ ಇರಲಿ, ಒಳಗಿನ ಚಿಪ್ಪಿನ ಕುಲವನ್ನು ಗುರುತಿಸಲು ಅದು ಸಹಾಯಕ.

ಮೂರನೆಯದು ಬಳಕೆಯ ಗುರುತುಗಳ ಅಧ್ಯಯನ. ಯಾವ ಗುಂಡಿ ಸವೆದಿದೆ ಎಂಬುದರಿಂದ ಯಾವ ಲೆಕ್ಕ ನಡೆದಿದೆ ಎಂಬುದನ್ನು ಊಹಿಸಬಹುದು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಂಥ ಯೋಜನೆಗಳಿಗೆ ಭೂಮಾಪನ ಅನಿವಾರ್ಯ. ಮಾಪನದ ರೇಖೆ 150 ಮೀಟರ್, ದಿಕ್ಕೋನ 30 ಡಿಗ್ರಿ 15 ಮಿನಿಟು ಎಂದಿಟ್ಟುಕೊಂಡರೆ, ಅದನ್ನು 30.25 ಡಿಗ್ರಿ ಎಂದು ತೆಗೆದುಕೊಳ್ಳಬೇಕು. ಅವಸರದಲ್ಲಿ 30.15 ಎಂದು ಒತ್ತಿದರೆ ಉತ್ತರಾಭಿಮುಖ ಅಂತರದಲ್ಲಿ ಸುಮಾರು 13 ಸೆಂಟಿಮೀಟರ್ ತಪ್ಪು ಬೀಳುತ್ತದೆ. ಡಿಗ್ರಿ-ಮಿನಿಟು ಗುಂಡಿ ಸವೆದಿರುವ ಯಂತ್ರ ಸಿವಿಲ್ ವಿಭಾಗದವರ ಕೈಯಲ್ಲಿತ್ತೆಂದು ಭಾವಿಸಲು ಇದೇ ಆಧಾರ.

ಹಿಂಬದಿಯ ಬರಹ ಇನ್ನೂ ಖಚಿತವಾದ ಸಾಕ್ಷಿ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಲ್ಲಿ ವಲಯ, ಕಾಲೇಜು, ಪ್ರವೇಶದ ವರ್ಷ ಮತ್ತು ವಿಭಾಗಗಳು ಅಡಕವಾದವು. '3ಜಿಎನ್' ಎಂದರೆ ಬೀದರದ ಕಾಲೇಜು, '3ಆರ್‌ಬಿ' ಎಂದರೆ ಭಾಲ್ಕಿಯದು. ಕೈವಾರದ ಮೊನೆಯಿಂದ ಕೊರೆದ ಇಂಥ ಒಂದು ಸಂಖ್ಯೆ ಯಂತ್ರದ ಕಾಲವನ್ನೂ ಸ್ಥಳವನ್ನೂ ಏಕಕಾಲಕ್ಕೆ ಹೇಳುತ್ತದೆ. ಒಂದರ ಕೆಳಗೊಂದು ಎರಡು ಸಂಖ್ಯೆಗಳಿದ್ದರೆ, ಅದು ಹಿರಿಯ ವಿದ್ಯಾರ್ಥಿಯಿಂದ ಕಿರಿಯನ ಕೈಗೆ ದಾಟಿದೆಯೆಂದು ತಿಳಿಯಬೇಕು. ಆ ಸಂಖ್ಯೆ ವ್ಯಕ್ತಿಯ ಗುರುತೂ ಆಗಿರುವುದರಿಂದ ಪ್ರಕಟಣೆಯಲ್ಲಿ ಅದರ ಕೊನೆಯ ಅಂಕಿಗಳನ್ನು ಮರೆಮಾಡುವುದು ಯೋಗ್ಯ.

ಪ್ರಾದೇಶಿಕ ಅಸಮತೋಲನವನ್ನು ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 2002ರಲ್ಲಿ ತಾಲ್ಲೂಕುವಾರು ಹಿಂದುಳಿಯುವಿಕೆಯನ್ನು ಅಂಕಿಗಳಲ್ಲಿ ತೋರಿಸಿತು. ಆ ಅಂಕಿಗಳು ಕೊರತೆಯನ್ನು ಅಳೆಯುತ್ತವೆ. ಕೊರತೆಯ ನಡುವೆ ಕಲಿತವರ ಶ್ರಮವನ್ನು ಅಳೆಯುವುದಿಲ್ಲ. ಎರಡು, ಮೂರು ಕೈ ದಾಟಿದ ಯಂತ್ರ ಆ ಶ್ರಮಕ್ಕೆ ಸಾಕ್ಷಿ. ಆದರೆ ಅದು ಉಳಿಯುವ ಕಾಲ ಅಲ್ಪ. ಒಳಗೇ ಬಿಟ್ಟ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ದ್ರವಸ್ಫಟಿಕದ ಪರದೆ ಕ್ರಮೇಣ ಮಂಕಾಗುತ್ತದೆ. ಮೊಬೈಲು ಬಂದ ಮೇಲೆ ಅನೇಕ ಯಂತ್ರಗಳು ಗುಜರಿಗೆ ಸೇರಿವೆ. ಬ್ಯಾಟರಿ ತೆಗೆದು, ದೊರೆತ ಊರು, ಬಳಸಿದವರ ಓದು, ಕೊಂಡ ಸ್ಥಳ ಇವುಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡುವುದು ಕನಿಷ್ಠ ಕರ್ತವ್ಯ. ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಕಾಲೇಜಿನ ಗ್ರಂಥಾಲಯದ ಒಂದು ಕಪಾಟು ಸಾಕು. ಗವಾನನ ಮದರಸಾದ ಗ್ರಂಥಭಂಡಾರ ಉಳಿಯದೆ ಹೋದುದರಿಂದ, ಅಲ್ಲಿನ ವಿದ್ಯಾರ್ಥಿಗಳು ಲೆಕ್ಕವನ್ನು ಹೇಗೆ ಕಲಿತರೆಂಬುದನ್ನು ಈಗ ಕಟ್ಟಡದ ಗೋಡೆಗಳಿಂದ ತಿಳಿಯಲಾಗದು. 1980ರ ನಂತರದ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥ ನಷ್ಟವನ್ನು ತಡೆಯುವ ಅವಕಾಶ ಬೀದರ ಜಿಲ್ಲೆಗೆ ಇನ್ನೂ ಇದೆ.