ಸದಾನಂದ ಸುವರ್ಣ: 'ಘಟಶ್ರಾದ್ಧ'ಕ್ಕೆ ಹಣ ಹಾಕಿದ ರಂಗಕರ್ಮಿ

ಗಿರೀಶ್ ಕಾಸರವಳ್ಳಿ ಅವರ ಹೆಸರು ಕನ್ನಡ ಚಿತ್ರರಸಿಕರಿಗೆ ಹೊಸದೇನಲ್ಲ. ಆದರೆ ಅವರ ಮೊದಲ ಚಿತ್ರ 'ಘಟಶ್ರಾದ್ಧ'ಕ್ಕೆ ಬಂಡವಾಳ ಹಾಕಿದ ಸದಾನಂದ ಸುವರ್ಣ ಅವರನ್ನು ಬಲ್ಲವರು ಕರಾವಳಿ ಮತ್ತು ಮುಂಬೈನ ಆಚೆ ಕಡಿಮೆ.

ಸುವರ್ಣ ಮೂಲತಃ ದಕ್ಷಿಣ ಕನ್ನಡದ ಮುಲ್ಕಿಯವರು. ಬದುಕು ಕಟ್ಟಿಕೊಂಡದ್ದು ಮುಂಬೈನಲ್ಲಿ. ಅಲ್ಲಿನ ಕನ್ನಡ, ತುಳು ರಂಗಭೂಮಿಯಲ್ಲಿ ನಾಟಕಕಾರರಾಗಿ, ನಿರ್ದೇಶಕರಾಗಿ ದುಡಿದರು. ಹೊಸ ಹುಡುಗರಿಗೆ ಅಭಿನಯ ಕಲಿಸಿದರು. ಅನೇಕರಿಗೆ ಅವರು ಇಂದಿಗೂ ಮೊದಲು ರಂಗಗುರು, ಆಮೇಲೆ ನಿರ್ಮಾಪಕ.

1977ರಲ್ಲಿ ತೆರೆಗೆ ಬಂದ 'ಘಟಶ್ರಾದ್ಧ' ಯು.ಆರ್. ಅನಂತಮೂರ್ತಿ ಅವರ ಕಥೆ ಆಧರಿಸಿದ ಕಪ್ಪು-ಬಿಳುಪು ಚಿತ್ರ. ಗರ್ಭಿಣಿಯಾದ ಬಾಲವಿಧವೆ ಯಮುನಾ, ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಹೊರಹಾಕುವ ಸಮಾಜ, ಎಲ್ಲವನ್ನೂ ಕಣ್ಣಾರೆ ಕಾಣುವ ವೇದಪಾಠಶಾಲೆಯ ಪುಟ್ಟ ಹುಡುಗ ನಾಣಿ. ಹಾಡು-ಕುಣಿತವಿಲ್ಲ, ಸ್ಟಾರ್‌ಗಳಿಲ್ಲ. ನಿರ್ದೇಶಕನಿಗೆ ಇನ್ನೂ ಇಪ್ಪತ್ತರ ಹರೆಯ. ಲಾಭದ ಲೆಕ್ಕ ಹಾಕುವವರು ಮುಟ್ಟುವ ಸರಕಲ್ಲ ಇದು!

ಆದರೂ ಚಿತ್ರಕ್ಕೆ ಸ್ವರ್ಣ ಕಮಲ ಬಂತು. 'ಸಂಸ್ಕಾರ', 'ಚೋಮನ ದುಡಿ' ನಂತರ ಈ ಗೌರವ ಪಡೆದ ಮೂರನೇ ಕನ್ನಡ ಚಿತ್ರವಿದು. ಬಿ.ವಿ. ಕಾರಂತರ ಸಂಗೀತಕ್ಕೂ, ನಾಣಿಯಾಗಿ ನಟಿಸಿದ ಅಜಿತ್ ಕುಮಾರ್‌ಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಕಾಸರವಳ್ಳಿ ಮುಂದೆ ಇನ್ನೂ ಮೂರು ಸ್ವರ್ಣ ಕಮಲ ಪಡೆದರು.

ಇಂಥ ಗೆಲುವಿನ ಬಳಿಕ ಸುವರ್ಣ ಸಾಲು ಸಾಲು ಚಿತ್ರ ಮಾಡಬಹುದಿತ್ತು, ಮಾಡಲಿಲ್ಲ. ರಂಗದ ಕೆಲಸವೇ ಅವರಿಗೆ ಮುಖ್ಯವಾಗಿತ್ತು. ತಮ್ಮದೇ ನಾಟಕ 'ಗುಡ್ಡದ ಭೂತ'ವನ್ನು ದೂರದರ್ಶನಕ್ಕೆ ಧಾರಾವಾಹಿ ಮಾಡಿದರು. ತೊಂಬತ್ತರ ದಶಕದ ಆರಂಭದಲ್ಲಿ ಟಿವಿ ಮುಂದೆ ಕೂತವರಿಗೆ ಅದರ ಶೀರ್ಷಿಕೆ ಗೀತೆ ಇನ್ನೂ ನೆನಪಿದೆ. ಈಗಿನ ಬಹುಭಾಷಾ ನಟ ಪ್ರಕಾಶ್ ರೈ ಅದರಲ್ಲಿ ನಟಿಸಿದ್ದರು. ಪೂರ್ಣಚಂದ್ರ ತೇಜಸ್ವಿ ಅವರ ಕಥೆಯನ್ನು 'ಕುಬಿ ಮತ್ತು ಇಯಾಲ' ಹೆಸರಿನಲ್ಲೇ ಸಿನಿಮಾ ಮಾಡಿ, ನಿರ್ದೇಶನದ ಹೊಣೆಯನ್ನೂ ಹೊತ್ತರು. ಡಾಕ್ಟರ್ ಕುಬಿಯಾಗಿ ನಟಿಸಿದವರು ಚಾರುಹಾಸನ್.

ಕೊನೆಯ ವರ್ಷಗಳನ್ನು ಸುವರ್ಣ ಮಂಗಳೂರಿನಲ್ಲಿ ಕಳೆದರು. ಅಷ್ಟರಲ್ಲಿ 'ಘಟಶ್ರಾದ್ಧ'ದ ಮೂಲ ನೆಗೆಟಿವ್‌ಗೆ ಮರುಜೀವ ಕೊಡುವ ಕೆಲಸ ಶುರುವಾಗಿತ್ತು. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಗೆತ್ತಿಕೊಂಡ ಈ ಕೆಲಸದಲ್ಲಿ ಕಾಸರವಳ್ಳಿ ಜೊತೆ ಸುವರ್ಣ ಅವರ ಸಹಕಾರವೂ ಇತ್ತು.

ಹೊಸ ಪ್ರತಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗಕ್ಕೆ ಆಯ್ಕೆಯಾಯಿತು. ಸುವರ್ಣ ತೀರಿಕೊಂಡದ್ದು 2024ರ ಜುಲೈನಲ್ಲಿ, 92ನೇ ವಯಸ್ಸಿನಲ್ಲಿ. ಆ ವರ್ಷದ ವೆನಿಸ್ ಉತ್ಸವ ಆರಂಭವಾದದ್ದು ಆಗಸ್ಟ್ ಕೊನೆಯಲ್ಲಿ.